ಉಬ್ಬಸದ ಸಾವಿರ ವರ್ಷ: ಉಪಶಮನವೇ ಚಿಕಿತ್ಸೆಯಲ್ಲ

ವಸಂತ ಬಂತೆಂದರೆ ಕವಿಗಳಿಗೆ ಹಬ್ಬ. ಗುಲಾಬಿ ಅರಳಿತೆಂದರೆ ಪರ್ಶಿಯಾದ ಕವಿಗಳ ಲೇಖನಿಗೆ ಬಿಡುವಿಲ್ಲ. ಆದರೆ ಹತ್ತನೆಯ ಶತಮಾನದ ಆದಿಭಾಗದಲ್ಲಿ ಪರ್ಶಿಯಾದ ಒಬ್ಬ ಹೆಸರಾಂತ ವಿದ್ವಾಂಸರಿಗೆ ಗುಲಾಬಿಯ ಕಾಲ ಯಾತನೆಯ ಕಾಲವಾಗಿತ್ತು. ಅವರ ಹೆಸರು ಅಬೂ ಝೈದ್ ಅಲ್ ಬಲ್ಖಿ. ವಸಂತದಲ್ಲಿ ಗುಲಾಬಿಯ ಪರಿಮಳ ಮೂಗಿಗೆ ತಾಗಿದೊಡನೆ ಅವರಿಗೆ ನೆಗಡಿ ಹಿಡಿಯುತ್ತಿತ್ತು. ಅವರ ಸಮಕಾಲೀನರಾದ ಮಹಾವೈದ್ಯ ಅಬೂಬಕರ್ ಮುಹಮ್ಮದ್ ಅರ್ರಾಝಿ ಈ ವಿಚಿತ್ರ ನೆಗಡಿಯ ಕುರಿತೇ ಒಂದು ಕಿರುಗ್ರಂಥ ಬರೆದರು. ರಯ್ಯ್ ಮತ್ತು ಬಗ್ದಾದಿನ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದ ರಾಝಿ, ಕಣ್ಣೆದುರಿನ ರೋಗಿಯನ್ನು ನೋಡಿ ಬರೆಯುವ ವೈದ್ಯರು. ಊರಿಗೆಲ್ಲ ಹಿತವೆನಿಸುವ ವಸ್ತುವೊಂದು ಒಬ್ಬ ವ್ಯಕ್ತಿಯ ದೇಹಕ್ಕೆ ಮಾತ್ರ ವೈರಿಯಾಗುವುದೇಕೆ ಎಂಬ ಪ್ರಶ್ನೆ ಅವರಿಗೆ ಕುತೂಹಲ ಹುಟ್ಟಿಸಿತ್ತು. ಇಂದು ನಾವು ಅಲರ್ಜಿ ಎಂದು ಕರೆಯುವ ಸಮಸ್ಯೆಯ ಬಗ್ಗೆ ನಮಗೆ ದೊರೆಯುವ ಹಳೆಯ ಬರಹಗಳಲ್ಲಿ ಇದೂ ಒಂದು.

ಈ ಪ್ರಶ್ನೆಗೆ ಉತ್ತರ ಸಿಗಲು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಆ ಉತ್ತರ ಸಿಕ್ಕ ಬಗೆ ಸ್ವಾರಸ್ಯಕರವಾಗಿದೆ. ಜೊತೆಗೆ ಈ ಚರಿತ್ರೆ ನಮಗೆ ಒಂದು ಎಚ್ಚರಿಕೆಯನ್ನೂ ಹೇಳುತ್ತದೆ. ಉಸಿರು ಕಟ್ಟಿದಾಗ ತಕ್ಷಣ ಸಿಗುವ ಉಪಶಮನವನ್ನೇ ರೋಗದ ಚಿಕಿತ್ಸೆಯೆಂದು ನಂಬಿದ ಪ್ರತಿಯೊಂದು ಕಾಲವೂ ಆ ನಂಬಿಕೆಗೆ ಜೀವಗಳ ಬೆಲೆ ತೆತ್ತಿದೆ. ನಾವು ಇಂದಿಗೂ ತೆರುತ್ತಿದ್ದೇವೆ.

ಕೈರೋದ ವೈದ್ಯ

ಅರಬಿ ಭಾಷೆಯಲ್ಲಿ ಉಬ್ಬಸಕ್ಕೆ 'ರಬ್ವ್' ಎಂದು ಹೆಸರು. ಇಂದಿಗೂ ಅರಬರು ಅಸ್ತಮಾವನ್ನು ಇದೇ ಪದದಿಂದ ಕರೆಯುತ್ತಾರೆ. ಈ ರೋಗದ ಬಗ್ಗೆಯೇ ಪ್ರತ್ಯೇಕವಾಗಿ ಬರೆಯಲ್ಪಟ್ಟ ಪ್ರಸಿದ್ಧ ಅರಬಿ ಗ್ರಂಥವೊಂದಿದೆ. ಅದನ್ನು ಸುಮಾರು 1190ರಲ್ಲಿ ಬರೆದವರು ಮೂಸಾ ಬಿನ್ ಮೈಮೂನ್. ಯುರೋಪ್ ಇವರನ್ನು ಮೈಮೋನಿಡಿಸ್ ಎಂಬ ಹೆಸರಿನಿಂದ ಬಲ್ಲದು. ಸ್ಪೇನಿನ ಕೊರ್ಡೊವಾದಲ್ಲಿ ಹುಟ್ಟಿದ ಈ ಯಹೂದಿ ವಿದ್ವಾಂಸರು ಅಲ್ಮೊಹದ್ ಆಡಳಿತದ ಧಾರ್ಮಿಕ ದಬ್ಬಾಳಿಕೆಯಿಂದಾಗಿ ಹುಟ್ಟೂರು ತೊರೆಯಬೇಕಾಯಿತು. ಕೊನೆಗೆ ಅವರಿಗೆ ನೆಲೆ ಸಿಕ್ಕಿದ್ದು ಈಜಿಪ್ತಿನಲ್ಲಿ. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯ ಮಂತ್ರಿ ಅಲ್ ಖಾಝಿ ಅಲ್ ಫಾಝಿಲ್ ಅವರನ್ನು ಆಸ್ಥಾನ ವೈದ್ಯರನ್ನಾಗಿ ಪೋಷಿಸಿದರು. ಒಂದು ಮುಸ್ಲಿಮ್ ಆಡಳಿತ ಹೊರದಬ್ಬಿದ ಯಹೂದಿಯೊಬ್ಬರನ್ನು ಇನ್ನೊಂದು ಮುಸ್ಲಿಮ್ ಆಡಳಿತ ಗೌರವಿಸಿ ಬರಮಾಡಿಕೊಂಡಿತು. ಅವರು ಅರಬಿಯಲ್ಲಿ ವೈದ್ಯಗ್ರಂಥಗಳನ್ನು ಬರೆದರು. ನಮ್ಮ ಇತಿಹಾಸದ ಈ ಎರಡೂ ಮುಖಗಳನ್ನು ನಾವು ಮರೆಯಬಾರದು.

ಹದಿಮೂರು ಅಧ್ಯಾಯಗಳ ಈ ಗ್ರಂಥ ಅಲೆಕ್ಸಾಂಡ್ರಿಯಾದಲ್ಲಿ ವಾಸವಾಗಿದ್ದ ಗಣ್ಯ ರೋಗಿಯೊಬ್ಬರಿಗಾಗಿ ಬರೆದದ್ದು. ಆ ರೋಗಿಗೆ ನೆಗಡಿಯಿಂದ ಶುರುವಾಗುತ್ತಿದ್ದ ತೊಂದರೆ ಉಸಿರು ಕಟ್ಟುವವರೆಗೆ ಬೆಳೆಯುತ್ತಿತ್ತು. ಆ ಕಾಲದ ದೊಡ್ಡವರು ವೈದ್ಯರಿಂದ ಬಯಸುತ್ತಿದ್ದುದು ಒಂದೇ ಗುಟುಕಿಗೆ ರೋಗ ಓಡಿಸುವ ಔಷಧಿ. ಮೂಸಾ ಬಿನ್ ಮೈಮೂನ್ ಅಂಥ ಮಾಂತ್ರಿಕ ಔಷಧಿ ತಮ್ಮ ಬಳಿ ಇಲ್ಲವೆಂದು ನೇರವಾಗಿ ಬರೆದರು. ಬದಲಿಗೆ ಅವರು ಹೇಳಿದ್ದು ಮಿತವಾದ ಆಹಾರ, ಸರಿಯಾದ ನಿದ್ದೆ, ಮನಸ್ಸಿನ ನೆಮ್ಮದಿ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಶುದ್ಧ ಗಾಳಿಯ ಬಗ್ಗೆ. ಇಕ್ಕಟ್ಟಾದ ನಗರಗಳ ಕೆಟ್ಟ ಗಾಳಿಯ ಬಗ್ಗೆ ಅವರು ಬರೆದುದನ್ನು ಇಂದಿನ ಯಾವ ಮಹಾನಗರಕ್ಕೂ ಅನ್ವಯಿಸಬಹುದು. ಅವರ ಹಲವು ಸಲಹೆಗಳು ಆ ಕಾಲದ ತಿಳುವಳಿಕೆಗೆ ಸೀಮಿತವಾಗಿದ್ದವು, ನಿಜ. ಆದರೆ ಉಬ್ಬಸವೆಂದರೆ ದಿನನಿತ್ಯ ನಿಭಾಯಿಸಬೇಕಾದ ರೋಗ, ಒಂದು ದಿನದ ಮದ್ದಿಗೆ ಹೋಗುವಂಥದ್ದಲ್ಲ ಎಂಬ ಅವರ ಮೂಲ ತತ್ವ ಇಂದಿಗೂ ಹಳತಾಗಿಲ್ಲ.

ಮದ್ರಾಸಿನ ಹೊಗೆ

ನಮ್ಮ ನಾಡಿಗೂ ಈ ಚರಿತ್ರೆಯಲ್ಲಿ ಒಂದು ಪಾತ್ರವಿದೆ. ಚರಕ ಸಂಹಿತೆ ಐದು ಬಗೆಯ ಶ್ವಾಸ ರೋಗಗಳನ್ನು ಹೇಳುತ್ತದೆ. ಅವುಗಳಲ್ಲಿ 'ತಮಕ ಶ್ವಾಸ' ಎಂಬುದರ ಲಕ್ಷಣಗಳು ಇಂದಿನ ಅಸ್ತಮಾವನ್ನು ಹೋಲುತ್ತವೆ. ದತ್ತೂರಿಯ ಒಣಗಿದ ಬೇರನ್ನು ಸುಟ್ಟು ಅದರ ಹೊಗೆ ಎಳೆದುಕೊಳ್ಳುವ ಪದ್ಧತಿ ಭಾರತದಲ್ಲಿತ್ತು. ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಹಿರಿಯ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ ಇದನ್ನು ಗಮನಿಸಿದರು. ಅವರಿಂದ ತಿಳಿದುಕೊಂಡ ಜನರಲ್ ಜೆಂಟ್ ಎಂಬ ಸೇನಾಧಿಕಾರಿಯ ಮೂಲಕ 1802ರಲ್ಲಿ ಈ ಮದ್ದು ಬ್ರಿಟನ್ನಿಗೆ ಹೋಯಿತು. ನಂತರದ ದಶಕಗಳಲ್ಲಿ ದತ್ತೂರಿ ಜಾತಿಯ ಎಲೆಗಳಿಂದ ಮಾಡಿದ 'ಅಸ್ತಮಾ ಸಿಗರೇಟು'ಗಳು ಯುರೋಪಿನ ಅಂಗಡಿಗಳಲ್ಲಿ ಮಾರಾಟವಾದವು. ಇಪ್ಪತ್ತನೆಯ ಶತಮಾನದಲ್ಲೂ ಅವುಗಳಿಗೆ ಗಿರಾಕಿಗಳಿದ್ದರು.

ಇದು ಬರೀ ಮೂಢನಂಬಿಕೆಯಾಗಿರಲಿಲ್ಲ. ದತ್ತೂರಿಯಲ್ಲಿ ಅಟ್ರೋಪಿನ್ ಜಾತಿಯ ರಾಸಾಯನಿಕಗಳಿವೆ. ಅವು ಶ್ವಾಸನಾಳದ ಸುತ್ತಲಿನ ಸ್ನಾಯುಗಳನ್ನು ಸಡಿಲಿಸುತ್ತವೆ. ಇಂದಿನ ಇಪ್ರಾಟ್ರೋಪಿಯಂ, ಟಿಯೋಟ್ರೋಪಿಯಂ ಎಂಬ ಔಷಧಿಗಳು ಇದೇ ವಂಶದವು. ಆದರೆ ದತ್ತೂರಿ ವಿಷ. ಅದರ ಪ್ರಮಾಣ ತಪ್ಪಿದರೆ ಭ್ರಮೆ, ಪ್ರಜ್ಞಾಹೀನತೆ, ಸಾವೂ ಸಂಭವಿಸಬಹುದು. ಮಾತ್ರವಲ್ಲ, ಹೊಗೆ ಎಳೆದವನಿಗೆ ಆ ಗಳಿಗೆಗೆ ಉಸಿರು ಸಿಗುತ್ತಿತ್ತೇ ವಿನಾ ರೋಗ ಇದ್ದಲ್ಲೇ ಇರುತ್ತಿತ್ತು. ಏಕೆಂದರೆ ರೋಗ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ರಕ್ಷಣೆಯೇ ಆಕ್ರಮಣವಾದಾಗ

ಆ ಗುಟ್ಟು ಬಿಚ್ಚಿಕೊಂಡದ್ದು ಸಮುದ್ರದ ಮೇಲೆ ಶುರುವಾದ ಒಂದು ಸಂಶೋಧನೆಯಿಂದ. 1901ರಲ್ಲಿ ಮೊನಾಕೊದ ರಾಜಕುಮಾರ ಒಂದನೇ ಆಲ್ಬರ್ಟ್‌ನ ಹಡಗಿನಲ್ಲಿ ಫ್ರೆಂಚ್ ವಿಜ್ಞಾನಿಗಳಾದ ಚಾರ್ಲ್ಸ್ ರಿಷೆ ಮತ್ತು ಪಾಲ್ ಪೋರ್ತಿಯೆ, ಕುಟುಕುವ ಕಡಲಜೀವಿಯೊಂದರ ವಿಷವನ್ನು ಅಧ್ಯಯನ ಮಾಡುತ್ತಿದ್ದರು. ಪ್ಯಾರಿಸಿಗೆ ಮರಳಿದ ಮೇಲೆ ಇನ್ನೊಂದು ಕಡಲಜೀವಿಯ ವಿಷದಿಂದ ನಾಯಿಗಳ ಮೇಲೆ ಪ್ರಯೋಗ ಮುಂದುವರಿಸಿದರು. ಸಿಡುಬಿನ ಲಸಿಕೆಯಂತೆ, ಸ್ವಲ್ಪ ವಿಷ ಕೊಟ್ಟರೆ ದೇಹ ಅದನ್ನು ಎದುರಿಸಲು ಕಲಿಯುತ್ತದೆ ಎಂಬುದು ಅವರ ನಿರೀಕ್ಷೆ. ಆದದ್ದು ತದ್ವಿರುದ್ಧ. ಮೊದಲ ಡೋಸನ್ನು ಚೆನ್ನಾಗಿ ತಾಳಿಕೊಂಡಿದ್ದ ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿಗೆ ಕೆಲವು ವಾರಗಳ ಬಳಿಕ ಮತ್ತೆ ಸ್ವಲ್ಪ ವಿಷ ಚುಚ್ಚಿದಾಗ ಅದು ಏದುಸಿರು ಬಿಡುತ್ತಾ ಕುಸಿದು, ಅರ್ಧ ಗಂಟೆಯೊಳಗೆ ಸತ್ತುಹೋಯಿತು. ರಕ್ಷಣೆಗೆ ವಿರುದ್ಧವಾದದ್ದು ಎಂಬ ಅರ್ಥದಲ್ಲಿ 1902ರಲ್ಲಿ ಅವರು ಇದಕ್ಕೆ 'ಅನಾಫಿಲಾಕ್ಸಿಸ್' ಎಂದು ಹೆಸರಿಟ್ಟರು. 1913ರಲ್ಲಿ ರಿಷೆಗೆ ನೊಬೆಲ್ ಪ್ರಶಸ್ತಿ ಬಂತು. ಈ ನಡುವೆ 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ವಾನ್ ಪಿರ್ಕೆ 'ಅಲರ್ಜಿ' ಎಂಬ ಪದವನ್ನು ಸೃಷ್ಟಿಸಿದ್ದರು.

1921ರಲ್ಲಿ ಜರ್ಮನಿಯ ಇಬ್ಬರು ವೈದ್ಯರು ಮತ್ತೊಂದು ಹೆಜ್ಜೆ ಇಟ್ಟರು. ಹೈಂಜ್ ಕ್ಯುಸ್ಟ್ನರ್‌ಗೆ ಮೀನೆಂದರೆ ಆಗದು. ಅವರ ರಕ್ತದ ಸೀರಮ್ಮನ್ನು ಸಹೋದ್ಯೋಗಿ ಕಾರ್ಲ್ ಪ್ರಾಸ್ನಿಟ್ಸ್ ತಮ್ಮ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ತಾಗಿಸಿದಾಗ ಅಲ್ಲಿ ದಡಿಕೆ ಎದ್ದಿತು. ಅಂದರೆ ಅಲರ್ಜಿಗೆ ಕಾರಣವಾದ ವಸ್ತು ರಕ್ತದಲ್ಲಿದೆ! ಆ ವಸ್ತು ಯಾವುದೆಂದು ತಿಳಿಯಲು ಇನ್ನೂ 45 ವರ್ಷ ಕಾಯಬೇಕಾಯಿತು. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ದುಡಿಯುತ್ತಿದ್ದ ಜಪಾನಿ ದಂಪತಿ ಕಿಮಿಶಿಗೆ ಇಶಿಝಾಕಾ ಮತ್ತು ತೆರುಕೊ ಇಶಿಝಾಕಾ ಅದನ್ನು ಪತ್ತೆಹಚ್ಚಿದರು. ಅದೇ ಸಮಯಕ್ಕೆ ಸ್ವೀಡನ್ನಿನ ಉಪ್ಸಲಾದಲ್ಲಿ ಬೆನಿಕ್ ಮತ್ತು ಯೋಹಾನ್ಸನ್ ಸ್ವತಂತ್ರವಾಗಿ ಅದೇ ಪ್ರೋಟೀನನ್ನು ಕಂಡಿದ್ದರು. ಯಾರು ಮೊದಲು ಎಂಬ ಜಗಳವಾಡದೆ ಎರಡೂ ತಂಡಗಳು ಮಾದರಿಗಳನ್ನು ವಿನಿಮಯ ಮಾಡಿಕೊಂಡು ಹೋಲಿಸಿ ನೋಡಿದವು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಅದಕ್ಕೆ ಇಮ್ಯುನೊಗ್ಲೋಬುಲಿನ್ ಇ, ಚುಟುಕಾಗಿ 'ಐಜಿಇ' ಎಂಬ ಹೆಸರು ನೀಡಿತು.

ಅದರ ಕೆಲಸವನ್ನು ಸರಳವಾಗಿ ಹೀಗೆ ಹೇಳಬಹುದು. ಚರ್ಮ, ಮೂಗು, ಶ್ವಾಸನಾಳ, ಕರುಳುಗಳಲ್ಲಿ 'ಮಾಸ್ಟ್' ಕೋಶಗಳೆಂಬ ಕಾವಲುಗಾರರಿದ್ದಾರೆ. ಐಜಿಇ ಅವುಗಳ ಮೈಗೆ ಅಂಟಿಕೊಂಡಿರುತ್ತದೆ. ತನಗಾಗದ ಪರಾಗವೋ ಕಡಲೆಕಾಯಿಯ ಕಣವೋ ಬಂದು ಐಜಿಇಗೆ ತಾಗಿದೊಡನೆ ಆ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಸುರಿಸುತ್ತವೆ. ಮೂಗಿನಲ್ಲಾದರೆ ಸೀನು, ಚರ್ಮದಲ್ಲಾದರೆ ಪಿತ್ತದ ಗಂಧೆ, ಶ್ವಾಸನಾಳದಲ್ಲಾದರೆ ಉಬ್ಬಸ. ಇಡೀ ದೇಹದಲ್ಲಿ ಒಮ್ಮೆಲೇ ಆದರೆ ರಕ್ತದೊತ್ತಡ ಕುಸಿದು, ಗಂಟಲು ಊದಿ, ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಅದೇ ಅನಾಫಿಲಾಕ್ಸಿಸ್. ಎಲ್ಲ ಉಬ್ಬಸವೂ ಅಲರ್ಜಿಯಿಂದಲೇ ಬರುವುದಿಲ್ಲ. ಆದರೆ ಅಸ್ತಮಾ ಇರುವವರ ಶ್ವಾಸನಾಳದ ಒಳಗೋಡೆ ಸಾಮಾನ್ಯವಾಗಿ ಊದಿಕೊಂಡೇ ಇರುತ್ತದೆ. ರೋಗದ ಬೇರು ಈ ಉರಿಯೂತದಲ್ಲಿದೆ. ಸ್ನಾಯುಗಳ ಬಿಗಿತ ಅದರ ಪರಿಣಾಮಗಳಲ್ಲಿ ಒಂದು ಮಾತ್ರ.

ಜೇಬಿನಲ್ಲಿ ಇಟ್ಟುಕೊಂಡ ಧೈರ್ಯ

ಈ ತಿಳುವಳಿಕೆ ಗಟ್ಟಿಯಾಗುವ ಮೊದಲೇ ಉಪಶಮನದ ಹೊಸ ಸಾಧನವೊಂದು ಮಾರುಕಟ್ಟೆಗೆ ಬಂದಿತ್ತು. ಅಮೆರಿಕದ ಔಷಧ ಕಂಪೆನಿಯೊಂದರ ಮುಖ್ಯಸ್ಥರ ಹದಿಮೂರು ವರ್ಷದ ಮಗಳಿಗೆ ಅಸ್ತಮಾ ಇತ್ತು. ಗಾಜಿನ ಬುರುಡೆಯ ಉಪಕರಣದಿಂದ ಬೇಸತ್ತ ಆಕೆ, ತಲೆಗೂದಲಿಗೆ ಹಾಕುವ ಸ್ಪ್ರೇಯಂತೆ ನನ್ನ ಔಷಧಿಯನ್ನೂ ಡಬ್ಬದಲ್ಲಿ ತುಂಬಲಾಗದೇ ಎಂದು ತಂದೆಯನ್ನು ಕೇಳಿದಳಂತೆ. 1956ರಲ್ಲಿ ಒತ್ತಿದರೆ ಅಳತೆಯಷ್ಟೇ ಔಷಧಿ ಚಿಮ್ಮುವ ಇನ್‌ಹೇಲರ್ ಹುಟ್ಟಿಕೊಂಡಿತು. ಇದು ಕೋಟ್ಯಂತರ ಜನರಿಗೆ ವರದಾನವಾಯಿತು ಎಂಬುದರಲ್ಲಿ ಸಂಶಯವಿಲ್ಲ.

ಆದರೆ 1960ರ ದಶಕದಲ್ಲಿ ಆತಂಕಕಾರಿ ಸಂಗತಿಯೊಂದು ಬೆಳಕಿಗೆ ಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1959ರಿಂದ 1966ರ ನಡುವೆ 10ರಿಂದ 14 ವರ್ಷದ ಮಕ್ಕಳಲ್ಲಿ ಅಸ್ತಮಾ ಸಾವಿನ ಪ್ರಮಾಣ ಸುಮಾರು ಎಂಟು ಪಟ್ಟು ಏರಿತ್ತು. ಚಿಕಿತ್ಸೆ ಸುಧಾರಿಸಿದ ಕಾಲದಲ್ಲೇ ಸಾವು ಹೆಚ್ಚುವುದೆಂದರೇನು? ಐಸೊಪ್ರಿನಲಿನ್ ಎಂಬ ಉಪಶಮನಕಾರಿ ಔಷಧಿಯ ಇನ್‌ಹೇಲರ್‌ಗಳ ಮಿತಿಮೀರಿದ ಬಳಕೆಯತ್ತ ಸಂಶಯ ಹರಿಯಿತು. 1967ರಲ್ಲಿ ವೈದ್ಯರಿಗೆ ಎಚ್ಚರಿಕೆ ನೀಡಲಾಯಿತು. 1968ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಲಾಯಿತು. ಸಾವುಗಳು ಇಳಿದವು. ಆದರೆ ಪಾಠ ಪೂರ್ತಿ ಕಲಿತಿರಲಿಲ್ಲ. 1976ರಲ್ಲಿ ಫೆನೊಟೆರಾಲ್ ಎಂಬ ಇನ್ನೊಂದು ಪ್ರಬಲ ಉಪಶಮನಕಾರಿ ನ್ಯೂಝಿಲೆಂಡಿಗೆ ಬಂದ ಬಳಿಕ ಅಲ್ಲೂ ಸಾವುಗಳು ಏರಿದವು. 1989ರಲ್ಲಿ ಅಲ್ಲಿನ ಸಂಶೋಧಕರು ಈ ಸಂಬಂಧವನ್ನು ಪ್ರಕಟಿಸಿದರು. ಅದರ ಬಳಕೆ ನಿಯಂತ್ರಿಸಿದ ಮೇಲೆ ಸಾವುಗಳು ಕಡಿಮೆಯಾದವು.

ಔಷಧಿಯೇ ವಿಷವಾಯಿತೋ, ಅಥವಾ ಅದು ಕೊಟ್ಟ ಹುಸಿ ಧೈರ್ಯದಿಂದ ರೋಗಿಗಳು ಆಸ್ಪತ್ರೆಗೆ ತಡವಾಗಿ ಬಂದರೋ ಎಂಬ ಚರ್ಚೆ ಬಹುಕಾಲ ನಡೆಯಿತು. ಎರಡಕ್ಕೂ ಮೂಲ ಒಂದೇ. ಒಳಗೆ ಉರಿಯೂತ ಬೆಳೆಯುತ್ತಿರುವಾಗ ಹೊರಗೆ ಉಸಿರು ಸಲೀಸಾಯಿತೆಂದು ನಂಬುವುದು.

ಅಲೆಪ್ಪೊದ ಮಗ

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಯೋಚಿಸಿದ ವೈದ್ಯರೊಬ್ಬರ ಕಥೆ ಇಲ್ಲಿ ಉಲ್ಲೇಖನೀಯ. ರೋಜರ್ ಆಲ್ಟೂನ್ಯನ್ 1922ರಲ್ಲಿ ಸಿರಿಯಾದಲ್ಲಿ ಹುಟ್ಟಿದರು. ಅವರ ಅಜ್ಜ ಅರ್ಮೇನಿಯನ್ ವೈದ್ಯ. ಅಲೆಪ್ಪೊ ನಗರದಲ್ಲಿ ಆಸ್ಪತ್ರೆ ಕಟ್ಟಿದವರು. ರೋಜರ್‌ಗೆ ಸ್ವತಃ ಅಸ್ತಮಾ ಇತ್ತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದ ಅವರು, ವೈದ್ಯರಾದ ಬಳಿಕ ಇಂಗ್ಲೆಂಡಿನ ಔಷಧ ಕಂಪೆನಿಯೊಂದನ್ನು ಸೇರಿದರು. ಅಲ್ಲಿ 'ಖೆಲ್ಲಾ' ಎಂಬ ಸಸ್ಯದಿಂದ ಪಡೆದ ಖೆಲ್ಲಿನ್ ಎಂಬ ರಾಸಾಯನಿಕದ ರೂಪಾಂತರಗಳ ಮೇಲೆ ಪ್ರಯೋಗ ನಡೆದಿತ್ತು. ಖೆಲ್ಲಾ ಈಜಿಪ್ತ್ ಮತ್ತು ಅರಬ್ ನಾಡುಗಳ ಹಳೆಯ ಮನೆಮದ್ದು. ಮೂತ್ರಕೋಶದ ಕಲ್ಲಿನ ನೋವಿಗೆ ಅದನ್ನು ಕೊಡುತ್ತಿದ್ದರು.

ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಈ ರೂಪಾಂತರಗಳಿಂದ ಏನೂ ಫಲ ಕಾಣಲಿಲ್ಲ. ಆಲ್ಟೂನ್ಯನ್ ಬಿಡಲಿಲ್ಲ. ತನ್ನನ್ನೇ ಪ್ರಯೋಗಪಶು ಮಾಡಿಕೊಂಡರು. ತನಗಾಗದ ವಸ್ತುವಿನ ಸಾರವನ್ನು ತಾನೇ ಉಸಿರಾಡಿ ಉಬ್ಬಸ ಬರಿಸಿಕೊಳ್ಳುವುದು, ಅದಕ್ಕೆ ಮೊದಲು ಹೊಸ ರಾಸಾಯನಿಕವನ್ನು ಸೇವಿಸಿ ವ್ಯತ್ಯಾಸ ಅಳೆಯುವುದು. ವರ್ಷಗಟ್ಟಲೆ ನೂರಾರು ಸಲ ಹೀಗೆ ಮಾಡಿದ ಮೇಲೆ 1965ರಲ್ಲಿ ಸೋಡಿಯಂ ಕ್ರೋಮೊಗ್ಲೈಕೇಟ್ ಸಿಕ್ಕಿತು. ಪುಡಿಯನ್ನು ಶ್ವಾಸಕೋಶಕ್ಕೆ ತಲುಪಿಸಲು ಅವರು ರೂಪಿಸಿದ ಉಪಕರಣದಲ್ಲಿ ಒಂದು ಪುಟ್ಟ ಫ್ಯಾನು ತಿರುಗುತ್ತಿತ್ತು. ವಿಮಾನದ ಪ್ರೊಪೆಲ್ಲರ್ ನೋಡಿದವರಿಗೆ ಹೊಳೆದ ಉಪಾಯ ಅದು! 1968ರಲ್ಲಿ ಔಷಧಿ ಮಾರುಕಟ್ಟೆಗೆ ಬಂತು.

ಈ ಔಷಧಿಯ ವಿಶೇಷವೇನೆಂದರೆ, ಉಬ್ಬಸ ಬಂದಾಗ ತೆಗೆದುಕೊಂಡರೆ ಇದರಿಂದ ಪ್ರಯೋಜನವಿಲ್ಲ. ಬರುವ ಮೊದಲೇ, ಆರಾಮಾಗಿರುವಾಗಲೇ ದಿನಾ ತೆಗೆದುಕೊಳ್ಳಬೇಕು. ಉಪಶಮನದ ಹಿಂದೆ ಓಡುತ್ತಿದ್ದ ವೈದ್ಯಲೋಕಕ್ಕೆ ತಡೆಗಟ್ಟುವಿಕೆಯ ಮಹತ್ವವನ್ನು ತೋರಿಸಿಕೊಟ್ಟ ಔಷಧಿ ಇದು. 1972ರಲ್ಲಿ ಬಂದ ಬೆಕ್ಲೊಮೆಥಾಸೋನ್ ಎಂಬ ಸ್ಟೀರಾಯ್ಡ್ ಇನ್‌ಹೇಲರ್ ಇದಕ್ಕಿಂತ ಹೆಚ್ಚು ಪರಿಣಾಮಕಾರಿಯೆಂದು ಸಾಬೀತಾಯಿತು, ಕ್ರೋಮೊಗ್ಲೈಕೇಟ್ ಕ್ರಮೇಣ ಹಿಂದೆ ಸರಿಯಿತು. ಆಲ್ಟೂನ್ಯನ್ 1987ರಲ್ಲಿ ತೀರಿಕೊಂಡರು.

ಹೊಸ ಸಂಶೋಧನೆ, ಹಳೆಯ ತಪ್ಪು

ಇಷ್ಟಾದರೂ ಸೌಮ್ಯ ಅಸ್ತಮಾ ಇರುವವರಿಗೆ ಬೇಕೆನಿಸಿದಾಗ ಎಳೆದುಕೊಳ್ಳಲು ಬರೀ ಸಾಲ್ಬುಟಮಾಲ್ ಕೊಡುವ ರೂಢಿ ಅರ್ಧ ಶತಮಾನ ನಡೆಯಿತು. 2018ರಲ್ಲಿ ಸಿಗ್ಮಾ ಎಂಬ ಹೆಸರಿನ ಎರಡು ದೊಡ್ಡ ಅಧ್ಯಯನಗಳು ಪ್ರಕಟವಾದವು. ಸುಮಾರು 8000 ಸೌಮ್ಯ ಅಸ್ತಮಾ ರೋಗಿಗಳು ಇವುಗಳಲ್ಲಿದ್ದರು. ಉಬ್ಬಸ ಬಂದಾಗ ಬರೀ ಉಪಶಮನಕಾರಿ ಬಳಸಿದವರಿಗಿಂತ, ಸ್ಟೀರಾಯ್ಡ್ ಸೇರಿದ ಬುಡೆಸೊನೈಡ್-ಫಾರ್ಮೊಟೆರಾಲ್ ಇನ್‌ಹೇಲರ್ ಬಳಸಿದವರಲ್ಲಿ ತೀವ್ರ ಉಲ್ಬಣಗಳು 64 ಶೇಕಡಾ ಕಡಿಮೆಯಿದ್ದವು. 2019ರಲ್ಲಿ 'ಗಿನಾ' ಎಂದು ಕರೆಯಲ್ಪಡುವ ಜಾಗತಿಕ ಅಸ್ತಮಾ ಸಮಿತಿ ತನ್ನ ಮಾರ್ಗಸೂಚಿಯನ್ನು ಬದಲಿಸಿತು. ಹದಿಹರೆಯದವರು ಮತ್ತು ವಯಸ್ಕರಿಗೆ ಬರೀ ಸಾಲ್ಬುಟಮಾಲ್‌ನಂಥ ಔಷಧಿಯಿಂದ ಚಿಕಿತ್ಸೆ ನೀಡಬಾರದು ಎಂದಿತು. 1960ರ ದಶಕದ ಸಾವುಗಳು ಕೂಗಿ ಹೇಳಿದ್ದನ್ನು ಒಪ್ಪಲು ಐವತ್ತು ವರ್ಷ ಹಿಡಿಯಿತು.

ನಮ್ಮ ಸ್ಥಿತಿ ಹೇಗಿದೆ? ಭಾರತದಲ್ಲಿ ಮೂರು ಕೋಟಿಗೂ ಹೆಚ್ಚು ಅಸ್ತಮಾ ರೋಗಿಗಳಿದ್ದಾರೆಂದು ಅಂದಾಜು. ಜಗತ್ತಿನ ಒಟ್ಟು ರೋಗಿಗಳಲ್ಲಿ ನಮ್ಮ ಪಾಲು ಸುಮಾರು 13 ಶೇಕಡಾ. ಆದರೆ ಅಸ್ತಮಾ ಸಾವುಗಳಲ್ಲಿ ನಮ್ಮ ಪಾಲು 40 ಶೇಕಡಾಕ್ಕೂ ಹೆಚ್ಚು. ಬೆಂಗಳೂರಿನಲ್ಲಿ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ ಮಕ್ಕಳನ್ನು ಪರೀಕ್ಷಿಸಿ ಪ್ರಕಟಿಸಿದ ಅಂಕಿಅಂಶಗಳ ಪ್ರಕಾರ ಅಸ್ತಮಾ ಇದ್ದ ಮಕ್ಕಳ ಪ್ರಮಾಣ 1979ರಲ್ಲಿ 9 ಶೇಕಡಾ ಇದ್ದದ್ದು 1999ರಲ್ಲಿ 29.5 ಶೇಕಡಾಕ್ಕೆ ಏರಿತ್ತು. ಉದ್ಯಾನನಗರಿ ವಾಹನನಗರಿಯಾದ ಕಾಲವದು.

ನಮ್ಮಲ್ಲಿ ಸಾವುಗಳು ಹೆಚ್ಚಲು ಬಡತನ, ಹೊಗೆ ತುಂಬಿದ ಅಡುಗೆಮನೆ, ಔಷಧಿಯ ಬೆಲೆ ಮುಂತಾದ ಕಾರಣಗಳಿವೆ. ಅವುಗಳ ಜೊತೆಗೆ ನಮ್ಮದೇ ಮನೋಭಾವವೂ ಇದೆ. ಇನ್‌ಹೇಲರ್ ಒಮ್ಮೆ ಹಿಡಿದರೆ ಚಟವಾಗುತ್ತದೆಂಬ ತಪ್ಪು ನಂಬಿಕೆ ಮನೆಮನೆಯಲ್ಲಿದೆ. ವಾಸ್ತವದಲ್ಲಿ ಸಾಲ್ಬುಟಮಾಲ್ ಮಾತ್ರೆಯಲ್ಲಿ 2ರಿಂದ 4 ಮಿಲಿಗ್ರಾಂ ಔಷಧಿಯಿದ್ದರೆ ಇನ್‌ಹೇಲರಿನ ಒಂದು ಒತ್ತಿಗೆ ಹೊರಬರುವುದು 100 ಮೈಕ್ರೊಗ್ರಾಂ, ಅಂದರೆ ಮಾತ್ರೆಯ ಇಪ್ಪತ್ತನೇ ಒಂದು ಪಾಲು ಅಥವಾ ಅದಕ್ಕಿಂತಲೂ ಕಡಿಮೆ. ಮದುವೆಗೆ ಬೆಳೆದ ಹೆಣ್ಣುಮಗಳ ಉಬ್ಬಸವನ್ನು ಬಚ್ಚಿಡುವವರಿದ್ದಾರೆ. ಗಂಡನ ಮನೆಯಲ್ಲಿ ಆಕೆ ಇನ್‌ಹೇಲರ್ ತೆಗೆಯಲು ಹೆದರಿ ರಾತ್ರಿಯಿಡೀ ಕುಳಿತೇ ಕಳೆಯುತ್ತಾಳೆ. ಹೈದರಾಬಾದಿನಲ್ಲಿ ಮೃಗಶಿರ ಮಳೆ ಶುರುವಾಗುವ ದಿನ ಜೀವಂತ ಮೀನಿನ ಬಾಯಲ್ಲಿ ಔಷಧಿ ಇಟ್ಟು ನುಂಗಿಸುವಲ್ಲಿಗೆ ಸಾವಿರಾರು ಜನ ಹೋಗುತ್ತಾರೆ. ಒಂದೇ ಗುಟುಕಿನ ಮದ್ದು ಇಲ್ಲವೆಂದು ಕೈರೋದ ವೈದ್ಯರು ಎಂಟು ಶತಮಾನಗಳ ಹಿಂದೆಯೇ ಬರೆದಿದ್ದರು. ಸುಗಂಧಕ್ಕೆಂದು ಮನೆಯಲ್ಲಿ ಉರಿಸುವ ಊದುಬತ್ತಿ, ಲೋಬಾನದ ಹೊಗೆಯೂ ಉಬ್ಬಸದವರಿಗೆ ಹಗೆ ಎಂಬುದನ್ನು ಮರೆಯುತ್ತೇವೆ.

ರಮಝಾನ್ ಬಂದಾಗ ಇನ್ನೊಂದು ಸಮಸ್ಯೆ. ಇನ್‌ಹೇಲರ್‌ನಿಂದ ಉಪವಾಸ ಮುರಿಯುತ್ತದೆಯೇ ಎಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಮುರಿಯುವುದಿಲ್ಲ ಎನ್ನುವವರೂ ಇದ್ದಾರೆ, ಮುರಿಯುತ್ತದೆ ಎನ್ನುವವರೂ ಇದ್ದಾರೆ. ಆದರೆ ರೋಗಿಗೆ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡುವ ರಿಯಾಯಿತಿಯನ್ನು ಪವಿತ್ರ ಕುರ್‌ಆನ್ ಸ್ಪಷ್ಟವಾಗಿ ನೀಡಿರುವಾಗ, ಉಸಿರು ಕಟ್ಟುತ್ತಿದ್ದರೂ ಔಷಧಿ ಮುಟ್ಟದೆ ಕೂರುವುದು ಧರ್ಮನಿಷ್ಠೆಯಲ್ಲ. ಬೆಳಿಗ್ಗೆ ಸಂಜೆ ತೆಗೆದುಕೊಳ್ಳುವ ತಡೆಗಟ್ಟುವ ಇನ್‌ಹೇಲರನ್ನು ವೈದ್ಯರ ಸಲಹೆಯಂತೆ ಸಹರಿ ಮತ್ತು ಇಫ್ತಾರಿಗೆ ಹೊಂದಿಸಿಕೊಳ್ಳಲೂಬಹುದು. ರಮಝಾನ್ ತಿಂಗಳಲ್ಲಿ ಅದನ್ನು ಪೂರ್ತಿ ನಿಲ್ಲಿಸಿಬಿಡುವುದು ಅಪಾಯಕಾರಿ.

ನಿಮಿಷಗಳ ಲೆಕ್ಕ

ಅನಾಫಿಲಾಕ್ಸಿಸ್‌ನ ವಿಷಯದಲ್ಲಿ ನಮ್ಮ ತಪ್ಪು ಇನ್ನೊಂದು ರೂಪದಲ್ಲಿದೆ. ಜಪಾನ್ ಮೂಲದ ಜೋಕಿಚಿ ತಕಾಮಿನೆ 1901ರಲ್ಲಿ ಶುದ್ಧರೂಪದಲ್ಲಿ ಪ್ರಕಟಿಸಿದ ಅಡ್ರಿನಲಿನ್ ಇಂದಿಗೂ ಇದಕ್ಕೆ ಮೊದಲ ಮದ್ದು. ತೊಡೆಯ ಸ್ನಾಯುವಿಗೆ ಕೊಡುವ ಈ ಚುಚ್ಚುಮದ್ದು ಕುಸಿದ ರಕ್ತದೊತ್ತಡವನ್ನು ಎತ್ತುತ್ತದೆ, ಊತ ಇಳಿಸುತ್ತದೆ, ಶ್ವಾಸನಾಳ ತೆರೆಯುತ್ತದೆ. ಆದರೆ ತುರಿಕೆ ಇಳಿಸುವ ಅಲರ್ಜಿ ಮಾತ್ರೆ ನುಂಗಿಸಿ ಕಾಯುವುದು ಸಾಮಾನ್ಯ. 2000ದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ ಸಾವುಗಳನ್ನು ಪರಿಶೀಲಿಸಿತು. ಉಸಿರು ಅಥವಾ ಹೃದಯ ನಿಲ್ಲಲು ಹಿಡಿದ ಮಧ್ಯಮ ಅವಧಿ ಆಹಾರದ ಅಲರ್ಜಿಯಲ್ಲಿ 30 ನಿಮಿಷ, ಜೇನು ಕಣಜಗಳ ಕಡಿತದಲ್ಲಿ 15 ನಿಮಿಷ, ಚುಚ್ಚುಮದ್ದಿನ ಅಲರ್ಜಿಯಲ್ಲಿ 5 ನಿಮಿಷ. ಮಾತ್ರೆ ಕರಗಿ ಕೆಲಸ ಮಾಡುವವರೆಗೆ ಸಾವು ಕಾಯುವುದಿಲ್ಲ. ಅಸ್ತಮಾ ಹತೋಟಿಯಲ್ಲಿಲ್ಲದವರಿಗೆ ಈ ಅಪಾಯ ಇನ್ನೂ ಹೆಚ್ಚು.

ಪಶ್ಚಿಮದ ದೇಶಗಳಲ್ಲಿ ರೋಗಿಯೇ ಚುಚ್ಚಿಕೊಳ್ಳಬಹುದಾದ ಪೆನ್ನಿನಂಥ ಉಪಕರಣ 1980ರ ದಶಕದಿಂದಲೇ ಇದೆ. 2024ರಲ್ಲಿ ಅಮೆರಿಕ ಮೂಗಿಗೆ ಸಿಂಪಡಿಸುವ ಅಡ್ರಿನಲಿನ್‌ಗೂ ಒಪ್ಪಿಗೆ ನೀಡಿತು. ನಮ್ಮ ಸಾಮಾನ್ಯ ಔಷಧಿ ಅಂಗಡಿಗಳಲ್ಲಿ ಆ ಪೆನ್ನು ಸುಲಭವಾಗಿ ಸಿಗುವ ವಸ್ತುವಲ್ಲ. ಆದರೆ ಅಡ್ರಿನಲಿನ್ ಗಾಜಿನ ಆಂಪೂಲ್ ಅಗ್ಗದ ಔಷಧಿ. ಅದು ಪ್ರತಿಯೊಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಇರಬೇಕು, ಅಲ್ಲಿನ ಸಿಬ್ಬಂದಿಗೆ ಹಿಂಜರಿಯದೆ ಕೊಡುವ ತರಬೇತಿ ಇರಬೇಕು. ಮಲೆನಾಡಿನ ತೋಟದಲ್ಲಿ ಹೆಜ್ಜೇನು ಕಚ್ಚಿಸಿಕೊಂಡ ಕೂಲಿಕಾರನ ಜೀವ ಇದರ ಮೇಲೆ ನಿಂತಿದೆ.

ವೈದ್ಯಕೀಯದ ಸಲಹೆಯೇ ತಪ್ಪಾದ ಉದಾಹರಣೆಯೂ ಇದೆ. ಅಲರ್ಜಿ ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಕೊಡಬೇಡಿ ಎಂದು 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳಿತ್ತು. ಪುರಾವೆ ಸಾಲದೆಂದು 2008ರಲ್ಲಿ ಆ ಸಲಹೆ ಕೈಬಿಟ್ಟಿತು. ಅದೇ ವರ್ಷ ಪ್ರಕಟವಾದ ಹೋಲಿಕೆಯೊಂದರಲ್ಲಿ, ಎಳವೆಯಲ್ಲೇ ಕಡಲೆಕಾಯಿ ತಿಂಡಿ ತಿನ್ನುವ ಇಸ್ರೇಲಿನ ಮಕ್ಕಳಿಗಿಂತ ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಈ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚಿರುವುದು ಕಂಡುಬಂತು. 2015ರಲ್ಲಿ ಲಂಡನ್ನಿನಲ್ಲಿ 640 ಶಿಶುಗಳ ಮೇಲೆ ನಡೆದ ಲೀಪ್ ಅಧ್ಯಯನದ ಫಲಿತಾಂಶ ಬಂತು. ಐದು ವರ್ಷ ತುಂಬುವಾಗ, ಕಡಲೆಕಾಯಿಯಿಂದ ದೂರವಿಟ್ಟ ಮಕ್ಕಳಲ್ಲಿ 17 ಶೇಕಡಾ ಮಂದಿಗೆ ಅಲರ್ಜಿ ಬಂದಿದ್ದರೆ, ಎಳವೆಯಿಂದಲೇ ತಿಂದವರಲ್ಲಿ ಬಂದದ್ದು ಸುಮಾರು 3 ಶೇಕಡಾ ಮಂದಿಗೆ. ಅತಿಯಾದ ಎಚ್ಚರಿಕೆಯೇ ಮುಳುವಾಗಿತ್ತು. ಹಾಗೆಂದು ತೀವ್ರ ಇಸುಬು ಇರುವ ಶಿಶುವಿಗೆ ವೈದ್ಯರನ್ನು ಕೇಳದೆ ಪ್ರಯೋಗ ಮಾಡಬಾರದು, ಇಡೀ ಕಾಳನ್ನಂತೂ ಪುಟ್ಟ ಮಕ್ಕಳಿಗೆ ಕೊಡಲೇಬಾರದು.

ಇಶಿಝಾಕಾ ದಂಪತಿ ಕಂಡುಹಿಡಿದ ಐಜಿಇಯನ್ನೇ ಹಿಡಿದು ಕಟ್ಟಿಹಾಕುವ ಒಮಾಲಿಝುಮಾಬ್ ಎಂಬ ಔಷಧಿಗೆ 2003ರಲ್ಲಿ ಅಮೆರಿಕದಲ್ಲಿ ಅಸ್ತಮಾಕ್ಕಾಗಿ, 2024ರಲ್ಲಿ ಆಹಾರದ ಅಲರ್ಜಿಗಾಗಿ ಒಪ್ಪಿಗೆ ದೊರೆಯಿತು. ರಾಝಿ ಕೇಳಿದ ಪ್ರಶ್ನೆಗೆ ಉತ್ತರ ಮಾತ್ರವಲ್ಲ, ಮದ್ದೂ ಸಿಗತೊಡಗಿದೆ. ಆದರೆ ಅದು ದುಬಾರಿ. ನಮ್ಮಲ್ಲಿ ಸಾಯುತ್ತಿರುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಅಂಥ ಅಪರೂಪದ ಔಷಧಿಯಲ್ಲ. ಐವತ್ತು ವರ್ಷ ಹಳೆಯ ಸ್ಟೀರಾಯ್ಡ್ ಇನ್‌ಹೇಲರ್ ಮತ್ತು ನೂರು ವರ್ಷ ದಾಟಿದ ಅಡ್ರಿನಲಿನ್. ಮೊದಲನೆಯದನ್ನು ಆರಾಮಾಗಿರುವಾಗಲೂ ಬಿಡದೆ ತೆಗೆದುಕೊಳ್ಳಬೇಕು, ಎರಡನೆಯದನ್ನು ಒಂದು ನಿಮಿಷವೂ ತಡಮಾಡದೆ ಕೊಡಬೇಕು. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿಯವರು(ಸ) ಕಲಿಸಿದ ಸಮುದಾಯಕ್ಕೆ ಇದು ಕಷ್ಟದ ಪಾಠವಾಗಬಾರದು. ಉಬ್ಬಸವಿರುವ ಮಗುವಿನ ತಾಯಿ, ನೆರೆಹೊರೆಯವರು ಏನೆನ್ನುವರೋ ಎಂದು ಅಂಜದೆ ಇನ್‌ಹೇಲರನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟರೆ ಅಷ್ಟರಮಟ್ಟಿಗೆ ಈ ಚರಿತ್ರೆಯಿಂದ ನಾವು ಕಲಿತಂತಾಗುತ್ತದೆ.